ಆ ತಾಯಿಗೆ ಕೇಳಂಗೆ ಓದ್ರಿ

ನಾಲೆಯಲ್ಲಿ ಯಾರಾದರೂ ಮುಳುಗಿ ಸತ್ತಾಗ ಮಾತ್ರ ಊರಿನವರಿಗೆ ಕೊಲ್ಲಾಪುರಮ್ಮನ ಹೆಸರು ನೆನಪಾಗುತ್ತಿತ್ತು. ಮಿಕ್ಕ ದಿನ ಆಕೆ ಬರೀ ತೆಪ್ಪದವಳು. "ಏ ತೆಪ್ಪದವಳೇ" ಎಂದು ಈ ದಡದಿಂದ ಕೂಗುತ್ತಿದ್ದರು. ಆಕೆ ಆ ದಡದಿಂದ ಹಗ್ಗ ಜಗ್ಗುತ್ತಾ ಬರುತ್ತಿದ್ದಳು.

ಹುಟ್ಟಿದ್ದು ಜಗಳೂರು ತಾಲ್ಲೂಕಿನ ಸೊಕ್ಕೆ ಕಡೆ. ಅಲ್ಲಿ ನೀರೆಂದರೆ ಕೊಡ, ಸಾಲು, ಜಗಳ. ಮೊಣಕಾಲಿಗಿಂತ ಮೇಲೆ ಬರುವ ನೀರನ್ನು ಆಕೆ ಕಂಡಿರಲಿಲ್ಲ. ಮದುವೆಯಾಗಿ ಚನ್ನಗಿರಿ ತಾಲ್ಲೂಕಿಗೆ ಬಂದ ದಿನ, ಬಸವಾಪಟ್ಟಣದಲ್ಲಿ ಬಸ್ಸಿಳಿದು ನಡೆದು ಬಂದವಳು ದಂಡೆ ತುಂಬಿ ಹರಿಯುವ ನಾಲೆ ನೋಡಿ ನಿಂತುಬಿಟ್ಟಿದ್ದಳು.

"ಇಷ್ಟು ನೀರು ಯಾರದು?" ಎಂದು ಗಂಡನನ್ನು ಕೇಳಿದ್ದಳು.

"ನಮ್ದಂತೂ ಅಲ್ಲ" ಎಂದಿದ್ದ ಯರ್ರಿಸ್ವಾಮಿ.

ನಾಲೆ ತೋಡಿದಾಗ ಊರು ಈಚೆ ಉಳಿಯಿತು, ಕೇರಿ ಆಚೆ ಬಿತ್ತು. ಶಾಲೆ, ರೇಷನ್ ಅಂಗಡಿ, ಬಸ್ಸು, ಆಸ್ಪತ್ರೆ ಎಲ್ಲ ಈಚೆ. ಕೂಲಿಗೆ ಹೋಗುವ ಗದ್ದೆಗಳೂ ಈಚೆ. ಸೇತುವೆ ಮಾತ್ರ ದೊಡ್ಡ ಜಮೀನಿದ್ದವರ ಗದ್ದೆಗೆ ಹತ್ತಿರವಾಗುವಂತೆ ದೂರ ಹೋಗಿ ಕೂತಿತು. ಸುತ್ತಿ ಬಂದರೆ ಮೂರು ಮೈಲಿ. ಕೇರಿಗೊಂದು ಕಾಲುಸೇತುವೆ ಕೊಡುತ್ತೇವೆಂದು ಪ್ರತಿ ಚುನಾವಣೆಯಲ್ಲೂ ಹೇಳಿದರು. ಯರ್ರಿಸ್ವಾಮಿಯ ಅಪ್ಪ ಆ ಮಾತು ಕೇಳುತ್ತಲೇ ಸತ್ತ. ಯರ್ರಿಸ್ವಾಮಿಯೂ ಕೇಳುತ್ತಲೇ ಸತ್ತ.

ಯರ್ರಿಸ್ವಾಮಿ ಬಿದಿರು ಹೆಣೆದು, ಗೊಬ್ಬರದ ಚೀಲ ಹೊದಿಸಿ, ಡಾಂಬರು ಬಳಿದು ದುಂಡನೆಯ ತೆಪ್ಪ ಮಾಡಿದ್ದ. ಎರಡೂ ದಂಡೆಯ ಜಾಲಿ ಮರಕ್ಕೆ ದಪ್ಪ ಹಗ್ಗ ಬಿಗಿದಿದ್ದ. ತೆಪ್ಪದಲ್ಲಿ ನಿಂತು ಹಗ್ಗ ಹಿಡಿದು ಜಗ್ಗಿದರೆ ಸೆಳವಿಗೆ ಸಿಗದೆ ಆಚೆ ದಡ ಸೇರಬಹುದಿತ್ತು. ಎದೆಯ ಕಾಯಿಲೆಯಲ್ಲಿ ಆತ ಹೋದ ಮೇಲೆ ಕೊಲ್ಲಾಪುರಮ್ಮ ಹಗ್ಗ ಹಿಡಿದಳು. ಅಂಗೈ ಮೂರು ಸಲ ಸುಲಿಯಿತು. ನಾಲ್ಕನೆಯ ಸಲಕ್ಕೆ ತೊಗಲಿನ ಹಾಗೆ ಗಟ್ಟಿಯಾಯಿತು. ಹನ್ನೊಂದು ವರ್ಷದಲ್ಲಿ ಆಕೆಯ ತೆಪ್ಪದಿಂದ ಒಬ್ಬರೂ ಬೀಳಲಿಲ್ಲ. ಬೇರೆ ಕಡೆ ಬಿದ್ದವರನ್ನು ಆಕೆಯೇ ತೆಗೆದಳು. ಈಜಲು ಹೋದವರು, ಎತ್ತು ತೊಳೆಯಲು ಇಳಿದವರು, ಬದುಕು ಸಾಕಾಗಿ ಹಾರಿದವರು. ಕೊಕ್ಕೆ ಕಟ್ಟಿದ ಉದ್ದನೆಯ ಬಿದಿರು ಹಿಡಿದು ತಳ ಕೆದಕಿ ತೆಗೆದಳು. ತೆಗೆದ ಮೇಲೆ ಯಾರೂ ಆಕೆಯನ್ನು ಮುಟ್ಟುತ್ತಿರಲಿಲ್ಲ. ಹೆಣ ತೆಗೆದಳೆಂದು ಅಲ್ಲ. ಮೊದಲೂ ಮುಟ್ಟುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ರೇಣುಕಪ್ರಸಾದ್ ಬಂದ. ಈಚೆ ದಂಡೆಯ ಮೇಲೆ ಜಲವಿಹಾರ ಎಂಬ ಬೋರ್ಡು ಎದ್ದಿತು. ಹುಲ್ಲು ಹಾಸಿದರು, ಬಣ್ಣದ ಕೊಡೆ ನೆಟ್ಟರು, ನೀರಿಗೆ ಆರು ಮೋಟಾರು ದೋಣಿ ಇಳಿಸಿದರು. ಭಾನುವಾರ ದಾವಣಗೆರೆ, ಶಿವಮೊಗ್ಗ, ಹೊನ್ನಾಳಿಯಿಂದ ಕಾರುಗಳು ಬರತೊಡಗಿದವು.

ನಾಲೆಯ ಮೇಲಿನ ಮೋಜಿನ ದೋಣಿಗೆ ಎಷ್ಟು ಕಟ್ಟುಪಾಡು ಇರಬೇಕು ಎಂದು ತೀರ್ಮಾನಿಸಲು ಪಂಚಾಯಿತಿ ಕಟ್ಟಡದಲ್ಲಿ ಸಭೆ ಕರೆದರು. ನಾಲೆಯ ಇಂಜಿನಿಯರು ಗುರುಬಸವರಾಜ್ ಒಂದು ಪಟ್ಟಿ ತಂದಿದ್ದ. ದೋಣಿಗೆ ಲೈಸೆನ್ಸು. ಪ್ರತಿಯೊಬ್ಬರಿಗೂ ಲೈಫ್ ಜಾಕೆಟ್ಟು ಕಡ್ಡಾಯ. ಆರು ಜನಕ್ಕಿಂತ ಹೆಚ್ಚು ಹತ್ತಿಸಬಾರದು. ನಾಲೆ ತುಂಬ ನೀರು ಬಿಟ್ಟ ದಿನ ದೋಣಿ ಬಿಡಬಾರದು.

ರೇಣುಕಪ್ರಸಾದ್ ನಕ್ಕ. "ಸಾರ್, ಜನ ಇಲ್ಲಿಗೆ ಬರೋದು ಮನಸ್ಸು ಹಗುರ ಮಾಡ್ಕೊಳ್ಳಾಕೆ. ಒಬ್ಬೊಬ್ರಿಗೂ ಜಾಕೆಟ್ ಬಿಗಿದು, ಹಿಂಗೆ ಕೂರ್ರಿ, ಹಂಗೆ ಕೂರ್ರಿ ಅಂದ್ರೆ ಆಸ್ಪತ್ರೆಗೆ ಬಂದಂಗೆ ಆಗ್ತೈತೆ. ರೂಲ್ಸ್ ಜಾಸ್ತಿ ಆದ್ರೆ ಯಾರು ಬರ್ತಾರೆ? ನಮ್ಮೂರ ಹುಡುಗ್ರಿಗೆ ಕೆಲಸ ಬ್ಯಾಡ್ವಾ?"

ಸಭೆಯಲ್ಲಿದ್ದವರು ತಲೆಯಾಡಿಸಿದರು. ಗುರುಬಸವರಾಜ್ ಪೆನ್ನು ತೆಗೆದ. 'ಕಡ್ಡಾಯ' ಎಂಬ ಪದ ಹೊಡೆದು 'ಆದಷ್ಟು ಮಟ್ಟಿಗೆ' ಎಂದು ಬರೆದ. ಆರು ಜನ ಎಂಬುದನ್ನು 'ಸೂಕ್ತ ಸಂಖ್ಯೆ' ಮಾಡಿದ. ನೀರು ಬಿಟ್ಟ ದಿನದ ಸಾಲನ್ನು ಪೂರ್ತಿ ಹೊಡೆದ. ಆಮೇಲೆ ತೆಪ್ಪದ ವಿಷಯ ಬಂತು. ಹಗ್ಗ ದೋಣಿಗೆ ಅಡ್ಡ, ತೆಪ್ಪ ಅಪಾಯ, ಎರಡನ್ನೂ ತೆಗೆಸಬೇಕು ಎಂದು ಓದಿದ. ಅದಕ್ಕೂ ತಲೆಯಾಡಿಸಿದರು.

ಕೊಲ್ಲಾಪುರಮ್ಮ ಬಾಗಿಲ ಹೊರಗೆ, ಚಪ್ಪಲಿಗಳ ಹತ್ತಿರ ನಿಂತಿದ್ದಳು.

"ಸ್ವಾಮೀ, ನಂದೊಂದು ಮಾತೈತೆ."

ಯಾರೂ ತಿರುಗಲಿಲ್ಲ. ಆಕೆ ದನಿ ಎತ್ತರಿಸಿದಳು.

"ತೆಪ್ಪಕ್ಕೂ ರೂಲ್ಸ್ ಹಾಕ್ರಿ. ಇಷ್ಟೇ ಮಂದಿ ಕೂರ್ಸು ಅನ್ರಿ, ಕೂರಿಸ್ತೀನಿ. ಜಾಕೀಟು ಕೊಡ್ರಿ, ಹಾಕಿಸ್ತೀನಿ. ನೀರು ಜಾಸ್ತಿ ಇದ್ದಾಗ ಬಿಡಬ್ಯಾಡ ಅನ್ರಿ, ಬಿಡಾಕಿಲ್ಲ. ಆದ್ರೆ ಅವ್ರ ದೋಣಿಗೆ ರೂಲ್ಸ್ ಬಿಟ್ಟು ನಮ್ಗೆ ಮಾತ್ರ ಕಟ್ಟಬ್ಯಾಡ್ರಿ. ಮೋಜಿಗೆ ಬರೋರ್ನೂ ಕೂಲಿಗೆ ಹೋಗೋರ್ನೂ ಇದೇ ನೀರು ಮುಳುಗಿಸ್ತೈತೆ."

"ನಿನ್ನನ್ನ ಯಾರು ಕೇಳಿದ್ರು?" ಎಂದ ಗುರುಬಸವರಾಜ್. "ನಿಂದು ಸೇಫ್ ಅಲ್ಲ. ಮುಗೀತು."

ಸೋಮವಾರ ಹಗ್ಗ ಕತ್ತರಿಸಿದರು. ತೆಪ್ಪವನ್ನು ಎತ್ತಿಕೊಂಡು ಹೋಗಿ ಜಲವಿಹಾರದ ಹಿಂದಿನ ಶೆಡ್ಡಿನಲ್ಲಿ ಸರಪಳಿ ಹಾಕಿ ಬೀಗ ಜಡಿದರು.

ಕೇರಿ ನಡೆಯಿತು. ಕಳೆ ಕೀಳಲು ಹೋಗುವ ಹೆಂಗಸರು ಕತ್ತಲಿರುವಾಗಲೇ ಎದ್ದು ಮೂರು ಮೈಲಿ ನಡೆದರು. ತಡವಾದರೆ ಗದ್ದೆಯವರು ಹಿಂದಕ್ಕೆ ಕಳಿಸಿದರು. ಅವರು ಮತ್ತೆ ಮೂರು ಮೈಲಿ ನಡೆದರು, ಬರಿಗೈಯಲ್ಲಿ. ಶಾಲೆಗೆ ಹೋಗುತ್ತಿದ್ದ ಆರು ಹುಡುಗಿಯರಲ್ಲಿ ಇಬ್ಬರು ಬಿಟ್ಟರು. ಮುದುಕಿ ಲಕ್ಷ್ಮಮ್ಮನಿಗೆ ಜ್ವರ ಬಂದಾಗ ಕೊಲ್ಲಾಪುರಮ್ಮ ಬೆನ್ನ ಮೇಲೆ ಹೊತ್ತು ನಡೆದಳು. ದಾರಿಯುದ್ದಕ್ಕೂ ಪಕ್ಕದಲ್ಲೇ ನಾಲೆ. ನಾಲೆಯಲ್ಲಿ ದೋಣಿ. ದೋಣಿಯಲ್ಲಿದ್ದವರು ಕೈ ಬೀಸಿದರು. ಫೋಟೋ ತೆಗೆದರು.

ಹೊಟ್ಟೆ ಕೇಳಲಿಲ್ಲ. ಆಕೆ ಜಲವಿಹಾರದಲ್ಲೇ ಕೆಲಸಕ್ಕೆ ಸೇರಿದಳು. ದೋಣಿಯ ತಳದಲ್ಲಿ ನಿಂತ ನೀರು ಮೊಗೆಯುವುದು, ಸೀಟು ಒರೆಸುವುದು, ಕುಡಿದು ಬಂದವರು ಕಕ್ಕಿದ್ದನ್ನು ತೊಳೆಯುವುದು. ಟೀ ಕೊಟ್ಟರೆ ಪೇಪರ್ ಲೋಟದಲ್ಲಿ, ಶೆಡ್ಡಿನ ಹಿಂದೆ. ಆ ಶೆಡ್ಡಿನಲ್ಲೇ ಜಾಕೆಟ್ಟುಗಳೂ ಇದ್ದವು. ಚೀಲಕ್ಕೆ ತುಂಬಿ, ಬಾಯಿ ಹೊಲಿದು ಇಟ್ಟಿದ್ದರು.

ಒಂದು ದಿನ ದೋಣಿ ಓಡಿಸುವ ಮುತ್ತುರಾಜನನ್ನು ಕೇಳಿದಳು. ಅವನು ಹಿಂದಿನ ವರ್ಷದ ತನಕ ಟ್ರ್ಯಾಕ್ಟರ್ ಓಡಿಸುತ್ತಿದ್ದ ಹುಡುಗ.

"ಜಾಕೀಟು ಯಾಕೆ ಕೊಡಾಕಿಲ್ಲಪ್ಪ?"

"ಒದ್ದೆ ಆದ್ರೆ ನಾರ್ತವಂತೆ. ಫೋಟೋನೂ ಚೆನ್ನಾಗಿ ಬರಲ್ವಂತೆ. ಓನರ್ ಬ್ಯಾಡ ಅಂದಾರೆ, ದೊಡ್ಡವ್ವ."

"ನಿಂಗೆ ಈಜು ಬರ್ತೈತಾ?"

"ನಂಗೆ ಬರ್ತೈತೆ" ಎಂದ ಅವನು. ಆಮೇಲೆ ಮುಖ ಕೆಳಗೆ ಹಾಕಿದ.

ಆ ಭಾನುವಾರ ಭತ್ತದ ನಾಟಿಗೆಂದು ನಾಲೆ ತುಂಬ ನೀರು ಬಿಟ್ಟಿದ್ದರು. ಕಂದು ಬಣ್ಣದ ನೀರು, ದಂಡೆಯ ಕಲ್ಲು ಕಾಣದಷ್ಟು. ಮಧ್ಯಾಹ್ನ ಕಾಲೇಜಿನ ಹುಡುಗ ಹುಡುಗಿಯರ ಗುಂಪು ಬಂತು. ಆರು ಜನರ ದೋಣಿಗೆ ಹನ್ನೊಂದು ಜನ ಹತ್ತಿದರು. ಯಾರ ಮೈಮೇಲೂ ಜಾಕೆಟ್ಟಿಲ್ಲ. ಕೊಲ್ಲಾಪುರಮ್ಮ ಒರೆಸುವ ಬಟ್ಟೆ ಬಿಟ್ಟು ಎದ್ದಳು.

"ಮುತ್ತುರಾಜ, ಬ್ಯಾಡ. ಸೆಳವು ಜಾಸ್ತಿ ಐತೆ."

"ನೀ ನಿನ್ನ ಕೆಲಸ ನೋಡು" ಎಂದು ಕೊಡೆಯ ಕೆಳಗಿಂದ ರೇಣುಕಪ್ರಸಾದ್ ಕೂಗಿದ.

ತಿರುವಿನಲ್ಲಿ ಫೋಟೋಗೆಂದು ಎಲ್ಲರೂ ಒಂದೇ ಕಡೆ ಬಾಗಿದರು. ದೋಣಿ ಮಗುಚಿತು. ಆಕೆ ಓಡಿದಳು. ಹಗ್ಗದ ಸುರುಳಿ ಎಸೆದಳು. ಸೊಂಟದ ತನಕ ಇಳಿದು, ದಂಡೆಯ ಕಲ್ಲಿಗೆ ಕಾಲು ಒತ್ತಿ, ಸಿಕ್ಕಿದವರ ತಲೆಗೂದಲು, ಅಂಗಿ, ಕೈ ಹಿಡಿದು ಎಳೆದಳು. ಭುಜದ ಕೀಲು ಕಳಚಿದಂತಾಯಿತು. ಮುತ್ತುರಾಜ್ ಇಬ್ಬರನ್ನು ಎಳೆದು ತಂದ. ಎಣಿಸಿದರು. ಹತ್ತು. ಮತ್ತೆ ಎಣಿಸಿದರು. ಹತ್ತೇ.

ಹನ್ನೊಂದನೆಯವಳು ದುರ್ಗಾಂಬಿಕಾ. ಹೊನ್ನಾಳಿಯವಳು. ನರ್ಸಿಂಗ್ ಓದುತ್ತಿದ್ದಳು.

ಆಗ ಶೆಡ್ಡಿನ ಬೀಗ ತೆಗೆದರು. ಸೇಫ್ ಅಲ್ಲ ಎಂದು ಕಟ್ಟಿಹಾಕಿದ್ದ ತೆಪ್ಪವನ್ನು ಅವರೇ ಎತ್ತಿ ತಂದು ನೀರಿಗೆ ಇಟ್ಟರು. "ಬೇಗ ಹತ್ತು ಕೊಲ್ಲಾಪುರಮ್ಮ" ಎಂದ, ಸುದ್ದಿ ಕೇಳಿ ಓಡಿ ಬಂದಿದ್ದ ಗುರುಬಸವರಾಜ್. ಅವನು ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ಸಂಜೆಯಾಗುವ ತನಕ ಹುಡುಕಿದಳು. ಸಿಗಲಿಲ್ಲ. ಬೆಳಗಾಗುತ್ತಲೇ ಮತ್ತೆ ಇಳಿದಳು. ಎರಡು ಮೈಲಿ ಕೆಳಗೆ, ಕಿರುನಾಲೆಗೆ ನೀರು ತಿರುಗಿಸುವ ತೂಬಿನ ಸರಳಿಗೆ ಹುಡುಗಿ ಒರಗಿಕೊಂಡಿದ್ದಳು. ತೂಬಿನ ಬಳಿ ಕುತ್ತಿಗೆ ಮಟ್ಟದ ನೀರು. ಕೊಕ್ಕೆ ಹಾಕಲು ಮನಸ್ಸು ಬರಲಿಲ್ಲ. ಆಕೆ ಇಳಿದು ಎರಡೂ ತೋಳಿನಲ್ಲಿ ಎತ್ತಿಕೊಂಡಳು. ತೆಪ್ಪದಲ್ಲಿ ಮಲಗಿಸಿ, ತನ್ನ ಸೆರಗು ಹರಿದು ಮುಖಕ್ಕೆ ಮುಚ್ಚಿದಳು. ಮುಖ ಯಾರೂ ನೋಡುವಂತಿರಲಿಲ್ಲ.

ಮರುದಿನ ಗುರುಬಸವರಾಜ್ ಕೇರಿಗೆ ಬಂದ. ಜೊತೆಗೆ ರೇಣುಕಪ್ರಸಾದ್. ಹುಟ್ಟಿದಾರಭ್ಯ ಕೇರಿಗೆ ಕಾಲಿಡದವರು ಬಂದು ಆಕೆಯ ಜಗಲಿಯ ಮೇಲೆ ಕೂತರು. ನೀರು ಕೊಟ್ಟರೆ ಕುಡಿದರು.

"ಒಂದು ಹೇಳಿಕೆ ಬೇಕಾಗೈತೆ" ಎಂದ ಗುರುಬಸವರಾಜ್. "ಹುಡುಗಿ ನಿನ್ನ ತೆಪ್ಪದಿಂದ ಬಿದ್ಲು ಅಂತ. ನಿನ್ಗೇನೂ ಆಗಲ್ಲ. ಬಡವಿ, ಗೊತ್ತಿಲ್ದೆ ಬಿಟ್ಲು ಅಂತ ಬಿಟ್ಬಿಡ್ತಾರೆ. ಅದು ನಾನು ನೋಡ್ಕೊಂತೀನಿ."

"ಯಾಕೆ?"

ರೇಣುಕಪ್ರಸಾದ್ ನೆಲ ನೋಡುತ್ತಾ ಹೇಳಿದ. "ನಿಮ್ಮ ಕೇರಿಗೆ ಕಾಲುಸೇತುವೆ ಆಗ್ತೈತೆ. ಈ ಸಲ ಮಾತಲ್ಲ. ಕಾಗದ ತಂದೀನಿ."

ಅವರು ಹೋದ ಮೇಲೆ ಕೇರಿಯೆಲ್ಲ ಆಕೆಯ ಮನೆ ಮುಂದೆ ಸೇರಿತು. ಮೈದುನ ಮಾರುತೇಶ್ ಆ ಕಾಗದವನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ನೋಡಿದ.

"ಅತ್ತಿಗೆ, ಹೆಬ್ಬೆಟ್ಟು ಒತ್ತಿಬಿಡು. ಹೋದ ಹುಡುಗಿ ಹೋದ್ಲು. ನಮ್ಮ ಹುಡುಗ್ಯಾರು ಸಾಲೆಗೆ ಹೋಗ್ತಾರೆ. ಲಕ್ಷ್ಮಮ್ಮಜ್ಜಿನ ಎಷ್ಟು ದಿನ ಹೊತ್ಕೊಂಡು ಓಡಾಡ್ತೀಯ?"

ಮಾರುತೇಶ ಕೆಟ್ಟವನಲ್ಲ. ಹಗ್ಗ ಕತ್ತರಿಸಿದ ಮೇಲೆ ಅವನ ಹೆಂಡತಿಗೆ ಹೆರಿಗೆ ನೋವು ಬಂದಾಗ ಆ ಮೂರು ಮೈಲಿಯ ನಡುವೆಯೇ ಕೂಸು ಸತ್ತಿತ್ತು. ಅವನು ಹೇಳಿದ್ದರಲ್ಲಿ ತಪ್ಪು ಹುಡುಕಲು ಆಕೆಗೆ ಆಗಲಿಲ್ಲ. ಶಾಲೆ ಬಿಟ್ಟ ಇಬ್ಬರು ಹುಡುಗಿಯರು ಎದುರಿಗೇ ನಿಂತಿದ್ದರು. "ಒತ್ತೀನಿ" ಎಂದುಬಿಟ್ಟಳು. ಅನ್ನ ಸೇರಲಿಲ್ಲ.

ವಿಚಾರಣೆ ಪಂಚಾಯಿತಿ ಕಟ್ಟಡದಲ್ಲೇ ನಡೆಯಿತು. ಮೇಲಿನಿಂದ ಒಬ್ಬ ಸಾಹೇಬರು ಬಂದಿದ್ದರು. ದೋಣಿಯಲ್ಲಿದ್ದ ಮಿಕ್ಕ ಹುಡುಗರ ಮನೆಯವರು, ಪೇಪರಿನಲ್ಲಿ ತಮ್ಮ ಮಕ್ಕಳ ಹೆಸರು ಬರದಿದ್ದರೆ ಸಾಕೆಂದು, ಕೇಳಿದ ಕಡೆ ಸಹಿ ಹಾಕಿ ಹೋಗಿದ್ದರು. ಮುತ್ತುರಾಜನನ್ನು ಎಲ್ಲಿಗೋ ಕಳಿಸಿದ್ದರು. ಮೂಲೆಯ ಕುರ್ಚಿಯಲ್ಲಿ ಒಬ್ಬ ಹೆಂಗಸು ಕೂತಿದ್ದಳು. ದುರ್ಗಾಂಬಿಕಾಳ ತಾಯಿ ಸರ್ವಮಂಗಳಮ್ಮ. ಹೊನ್ನಾಳಿಯಲ್ಲಿ ಪ್ರೈಮರಿ ಶಾಲೆಯ ಟೀಚರು. ಸೀರೆ ಉಲ್ಟಾ ಉಟ್ಟಿದ್ದಳು. ಅದು ಆಕೆಗೆ ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲ.

ಗುರುಬಸವರಾಜ್ ಕಾಗದ ಚಾಚಿ, ಶಾಯಿಯ ಡಬ್ಬಿ ಮುಂದಿಟ್ಟ. "ಇಲ್ಲಿ ಒತ್ತು."

ಕೊಲ್ಲಾಪುರಮ್ಮ ಆ ಕುರ್ಚಿಯ ಕಡೆ ನೋಡಿದಳು.

"ಓದ್ರಿ."

"ಮೊನ್ನೆ ಹೇಳಿದ್ದೇ ಐತೆ."

"ನಂಗೆ ಹೇಳಿದ್ರಿ. ಆಯಮ್ಮಗೆ ಹೇಳಿಲ್ಲ. ಆ ತಾಯಿಗೆ ಕೇಳಂಗೆ ಓದ್ರಿ."

ಗುರುಬಸವರಾಜ್ ಬಾಯೊಳಗೇ ಓದತೊಡಗಿದ. "ದನಿ ಎತ್ತಿ ಓದ್ರಿ" ಎಂದಳು. ಮೇಲಿನಿಂದ ಬಂದ ಸಾಹೇಬರು ತಲೆ ಎತ್ತಿದರು. "ಓದಿ" ಎಂದರು ಅವರೂ.

"ಸದರಿ ಮೃತಳು ನನ್ನ ಅನಧಿಕೃತ ತೆಪ್ಪವನ್ನು ಹತ್ತಿದ್ದು... ಮೃತಳು ಪಾನಮತ್ತಳಾಗಿದ್ದು... ನಾನು ಬೇಡವೆಂದರೂ ಕೇಳದೆ ತೆಪ್ಪದಲ್ಲಿ ಎದ್ದು ನಿಂತು ಕುಣಿದಿದ್ದರಿಂದ..."

ಕುರ್ಚಿಯ ಹೆಂಗಸಿನ ಬಾಯಿಂದ ಒಂದು ಸಣ್ಣ ಸದ್ದು ಬಂತು. ಅಳುವಲ್ಲ. ಏಟು ಬಿದ್ದಾಗ ಬರುವ ಸದ್ದು.

ಪಾನಮತ್ತ ಎಂದರೆ ಏನೆಂದು ಕೊಲ್ಲಾಪುರಮ್ಮ ಪಕ್ಕದವರನ್ನು ಕೇಳಿ ತಿಳಿದುಕೊಂಡಳು. ಆಮೇಲೆ ಶಾಯಿಯ ಡಬ್ಬಿಯನ್ನು ದೂರ ತಳ್ಳಿದಳು.

"ನಾನು ಒತ್ತಲ್ಲ."

"ಏಯ್—"

"ಒತ್ತಲ್ಲ ಅಂದೆ. ಆ ಹುಡುಗೀನ ಎತ್ತಿದೋಳು ನಾನು. ಆಕೆ ನನ್ನ ತೆಪ್ಪ ಹತ್ತಿದ್ದು ಸತ್ತ ಮ್ಯಾಲೆ. ಅದುಕ್ ಮುಂಚೆ ನನ್ನ ತೆಪ್ಪ ಇವ್ರ ಶೆಡ್ನಾಗೆ ಸರಪಳಿ ಬಿಗಿಸ್ಕೊಂಡು ಬಿದ್ದಿತ್ತು. ಆರು ಜನದ ದೋಣಿಗೆ ಹನ್ನೊಂದು ಜನನ ತುಂಬಿದ್ರು. ಬ್ಯಾಡ ಅಂದೆ. ನಿನ್ನ ಕೆಲಸ ನೋಡು ಅಂದ್ರು. ಜಾಕೀಟು ಶೆಡ್ನಾಗೆ ಐದಾವೆ, ಚೀಲದ ಬಾಯಿ ಹೊಲಿದು ಮಡಗ್ಯಾರೆ. ಹೋಗಿ ನೋಡ್ರಿ ಸಾಹೇಬ್ರೇ, ಈಗ್ಲೇ ಹೋಗಿ ನೋಡ್ರಿ."

"ಸೇತುವೆ ಬ್ಯಾಡ್ವಾ ನಿಮ್ಗೆ?" ಎಂದು ಗುರುಬಸವರಾಜ್ ಹಲ್ಲು ಕಚ್ಚಿ ಪಿಸುಗುಟ್ಟಿದ.

ಆಕೆ ಅದನ್ನು ಎಲ್ಲರಿಗೂ ಕೇಳುವಂತೆ ಹೇಳಿದಳು. "ಸೇತುವೆ ಬೇಕು. ನಲವತ್ತು ವರ್ಷದಿಂದ ಬೇಕು. ಸತ್ತ ಹುಡುಗಿ ಮಾನದ ಮ್ಯಾಲೆ ಕಾಲಿಟ್ಟು ದಾಟೋ ಸೇತುವೆ ಬ್ಯಾಡ."

ಮಾರುತೇಶ್ ಬಾಗಿಲ ಹೊರಗೆ ನಿಂತಿದ್ದ. ತಿರುಗಿ ಹೊರಟುಹೋದ.

ಸಾಹೇಬರು ಎದ್ದು ಶೆಡ್ಡಿಗೆ ಹೋದರು. ಜಾಕೆಟ್ಟಿನ ಚೀಲಗಳು ಅಲ್ಲೇ ಇದ್ದವು. ಬರೆದುಕೊಂಡರು. ಕೊಲ್ಲಾಪುರಮ್ಮ ಹೇಳಿದ್ದನ್ನೂ ಬರೆದುಕೊಂಡು ಓದಿ ಹೇಳಿದರು. ಅದಕ್ಕೆ ಆಕೆ ಹೆಬ್ಬೆಟ್ಟು ಒತ್ತಿದಳು. ಸಾಹೇಬರ ಕಾರು ರಸ್ತೆಯ ತಿರುವು ದಾಟಿದ್ದೇ ತಡ, ಜೆಸಿಬಿ ಬಂದು ತೆಪ್ಪವನ್ನು ಮೆಟ್ಟಿತು. ಬಿದಿರು ಮುರಿಯುವ ಸದ್ದು ಆಚೆ ದಡಕ್ಕೂ ಕೇಳಿತು. ಅನಧಿಕೃತ ವಸ್ತು ನಾಶಪಡಿಸಲಾಯಿತು ಎಂದು ಒಂದು ಚೀಟಿ ಕೊಟ್ಟರು.

ಹೊರಗಿನವರಿಗೆ ಇದು ಗೆದ್ದಂತೆ ಕಾಣಬಹುದು. ಜಲವಿಹಾರ ಎರಡು ತಿಂಗಳು ಮುಚ್ಚಿತು. ರೇಣುಕಪ್ರಸಾದನ ಮೇಲೆ ಕೇಸಾಯಿತು. ಚನ್ನಗಿರಿಯ ಕೋರ್ಟಿನಲ್ಲಿ ತಾರೀಖಿನ ಮೇಲೆ ತಾರೀಖು ಬೀಳುತ್ತಿದೆ. ಮೂರನೆಯ ತಿಂಗಳು ಅವನ ಭಾವಮೈದುನನ ಹೆಸರಿನಲ್ಲಿ ದೋಣಿ ಮತ್ತೆ ನೀರಿಗಿಳಿಯಿತು. ಈ ಸಲ ದೊಡ್ಡ ಬೋರ್ಡು. ಜಾಕೆಟ್ಟು ಕಡ್ಡಾಯ. ಆರು ಜನ ಮಾತ್ರ. ನಾಲೆ ತುಂಬ ನೀರು ಬಿಟ್ಟ ದಿನ ದೋಣಿಯಿಲ್ಲ. ಅಂದು ಬಾಗಿಲ ಹೊರಗೆ ನಿಂತು ಆಕೆ ತನಗೂ ಹಾಕಿರೆಂದು ಕೇಳಿದ್ದ ನಿಯಮಗಳೇ. ಕೊನೆಯ ಸಾಲಿನಲ್ಲಿ ತೆಪ್ಪ ನಿಷೇಧ ಎಂದು ಇತ್ತು.

ಆಕೆಯ ಕೆಲಸ ಹೋಯಿತು. ಗದ್ದೆಗೆ ಕರೆಯುವವರೂ ಕಡಿಮೆಯಾದರು. ಕೇರಿಯಲ್ಲಿ ಯಾರೂ ಬಾಯಿಬಿಟ್ಟು ಬೈಯಲಿಲ್ಲ. ಆದರೆ ನಸುಕಿನಲ್ಲಿ ಹೆಂಗಸರು ಕೂಲಿಗೆ ಹೊರಟಾಗ ಆಕೆಯ ಬಾಗಿಲ ಮುಂದೆ ಅವರ ಮಾತು ನಿಲ್ಲುತ್ತಿತ್ತು. ಮಾರುತೇಶ್ ಎದುರು ಬಂದರೆ ದಾರಿ ಬಿಟ್ಟು ಇಳಿಯುತ್ತಿದ್ದ. ಲಕ್ಷ್ಮಮ್ಮ ಆ ಚಳಿಗಾಲದಲ್ಲಿ ತೀರಿಕೊಂಡಳು. ಆಸ್ಪತ್ರೆಗೆ ಹೊರುತ್ತೇನೆಂದು ಕೊಲ್ಲಾಪುರಮ್ಮ ಬೆನ್ನು ಬಗ್ಗಿಸಿದರೆ, "ಬ್ಯಾಡ ಕಣವ್ವ, ನಿಂಗೂ ಸಾಕಾಗೈತೆ" ಎಂದು ಹಾಸಿಗೆಯಲ್ಲೇ ಉಳಿದಳು.

ಮಾಗಿಯ ಒಂದು ಬೆಳಿಗ್ಗೆ ಸರ್ವಮಂಗಳಮ್ಮ ಕೇರಿಗೆ ಬಂದಳು. ಸುತ್ತಿನ ದಾರಿಯಲ್ಲಿ ನಡೆದೇ ಬಂದಿದ್ದಳು. ಕಾಲೆಲ್ಲ ಧೂಳು. ಜಗಲಿಯ ಮೇಲೆ ಕೂರಲಿಲ್ಲ. ಒಳಗೆ ಬಂದು ಕೊಲ್ಲಾಪುರಮ್ಮನ ಪಕ್ಕದಲ್ಲಿ ನೆಲದ ಮೇಲೆ ಕೂತಳು.

"ನಮ್ಮನೆಯವರು ಮುಖ ನೋಡಾಕೆ ಬಿಡಲಿಲ್ಲ" ಎಂದಳು. "ಆಸ್ಪತ್ರೆಯಿಂದ ಬಟ್ಟೆ ಸುತ್ತಿ ಕೊಟ್ರು. ಹಂಗೇ ಮಣ್ಣು ಮಾಡಿದ್ವಿ. ಅವಳನ್ನ ಎಲ್ಲಿಂದ ಎತ್ತಿದ್ರಿ ಅಂತ ತೋರಿಸ್ತೀರಾ?"

ಇಬ್ಬರೂ ದಂಡೆಯ ಮೇಲೆ ತೂಬಿನ ತನಕ ನಡೆದರು. ಕೊಲ್ಲಾಪುರಮ್ಮ ಸರಳು ತೋರಿಸಿದಳು. ಸರ್ವಮಂಗಳಮ್ಮ ಬಗ್ಗಿ ಒಂದು ಸರಳನ್ನು ಮುಟ್ಟಿದಳು. ಕೈ ಹಿಂದಕ್ಕೆ ತೆಗೆಯಲಿಲ್ಲ.

"ಒಂದು ಕೇಳ್ತೀನಿ. ಬೇರೆ ಯಾರನ್ನ ಕೇಳಿದ್ರೂ ನಂಬಿಕೆ ಬರಲ್ಲ. ನೀವು ಅಲ್ಲೇ ಇದ್ರಿ." ನೀರಿನ ಕಡೆ ನೋಡುತ್ತಲೇ ಕೇಳಿದಳು. "ಅವಳು ಕೂಗಿದ್ಲಾ?"

ಕೂಗಿದ್ದಳು. ಎರಡು ಸಲ. ಅಮ್ಮಾ ಎಂದು. ಎರಡನೆಯ ಸಲ ನೀರು ಬಾಯಿಗೆ ನುಗ್ಗಿ ಅರ್ಧಕ್ಕೇ ನಿಂತಿತ್ತು. ಆಗ ಕೊಲ್ಲಾಪುರಮ್ಮನ ಎರಡೂ ಕೈಯಲ್ಲಿ ಬೇರೆ ಇಬ್ಬರ ಕೂದಲಿತ್ತು. ಅವರನ್ನು ಬಿಟ್ಟು ಹೋಗಲಾಗಲಿಲ್ಲ. ಇದನ್ನು ಆಕೆ ಸಾಹೇಬರಿಗೂ ಹೇಳಿರಲಿಲ್ಲ.

"ಇಲ್ಲ ಕಣಮ್ಮ" ಎಂದಳು. "ಕೂಗಾಕೆ ಹೊತ್ತೇ ಸಿಗಲಿಲ್ಲ. ದೋಣಿ ಮಗುಚಿದಾಗ್ಲೇ ತಲೆಗೆ ಏಟು ಬಿದ್ದಿತ್ತು. ಆ ಮಗೀಗೆ ಏನೂ ಗೊತ್ತಾಗಿಲ್ಲ. ನಾನು ಎತ್ತಿದಾಗ ನಿದ್ದಿ ಮಾಡಿದಂಗಿದ್ಲು."

ಸರ್ವಮಂಗಳಮ್ಮ ತಿರುಗಿ ಆಕೆಯ ಮುಖವನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಅವಳ ಭುಜ ಇಳಿಯಿತು. ತಿಂಗಳುಗಟ್ಟಲೆ ಹಿಡಿದಿಟ್ಟ ಉಸಿರು ಹೊರಗೆ ಬಂತು.

"ಅವತ್ತು ಅಷ್ಟು ಜನದ ಮುಂದೆ ನೋಡೀನಿ" ಎಂದಳು. "ನೀವು ಸುಳ್ಳು ಹೇಳೋರಲ್ಲ."

ಕೊಲ್ಲಾಪುರಮ್ಮನ ಎರಡೂ ಕೈ ಹಿಡಿದುಕೊಂಡು, ಅವಕ್ಕೆ ಮುಖ ಒತ್ತಿ, ಅವಳು ಅಳತೊಡಗಿದಳು. ಕೊಲ್ಲಾಪುರಮ್ಮ ಕೈ ಬಿಡಿಸಿಕೊಳ್ಳಲಿಲ್ಲ. ಮುಖ ಮಾತ್ರ ಆಚೆ ತಿರುಗಿಸಿದಳು.